ಸಸಿಗಳ ಜೊತೆಗೆ ಫ್ಯಾನುಗಳ ಲೆಕ್ಕವೂ ಇರಲಿ

ಪ್ರಶ್ನೆ: ನಮ್ಮದು ವಿಜಯಪುರದ ಒಂದು ಪದವಿ ಕಾಲೇಜು. ಇಂಗಾಲದ ಹೊರೆ ಇಳಿಸಲು ಆವರಣದಲ್ಲಿ 500 ಬೇವಿನ ಸಸಿ ನೆಡಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಆ ಹೊರೆಯನ್ನು ಅಳೆಯುವುದು ಹೇಗೆ? ಸಸಿಗಳಷ್ಟೇ ಸಾಕೇ?
– ಉಪನ್ಯಾಸಕಿ, ವಿಜಯಪುರ

ಉತ್ತರ: ಬೇವು ನಿಮ್ಮ ಬಿಸಿಲಿಗೆ ಒಗ್ಗಿದ ಮರ, ಖಂಡಿತ ನೆಡಿ. ಆದರೆ ಅಳತೆ ಆರಂಭವಾಗಬೇಕಾದದ್ದು ಕಾಲೇಜಿನ ಲೆಕ್ಕಪತ್ರ ವಿಭಾಗದಿಂದ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಹೆಸ್ಕಾಂ ಬಿಲ್ಲುಗಳು, ಜನರೇಟರ್ ಮತ್ತು ಕಾಲೇಜು ಬಸ್ಸಿನ ಡೀಸೆಲ್ ರಸೀದಿಗಳು, ಹಾಸ್ಟೆಲ್ ಅಡುಗೆಮನೆಯ ಸಿಲಿಂಡರ್ ಲೆಕ್ಕ ಮತ್ತು ಎ.ಸಿ.ಗಳಿಗೆ ಗ್ಯಾಸ್ ತುಂಬಿಸಿದ ದಾಖಲೆ ಕೈಗೆ ಸಿಕ್ಕರೆ ಉಳಿದದ್ದು ಗುಣಾಕಾರ ಮಾತ್ರ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ., 19 ಕೆ.ಜಿ.ಯ ವಾಣಿಜ್ಯ ಸಿಲಿಂಡರ್ ಖಾಲಿಯಾದರೆ ಸುಮಾರು 57 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಹಳೆಯ ಎ.ಸಿ.ಯಿಂದ ಒಂದು ಕೆ.ಜಿ. ಆರ್-22 ಅನಿಲ ಸೋರಿದರೆ ಅದು ಸುಮಾರು 1,800 ಕೆ.ಜಿ.ಗೆ ಸಮ, ಹೆಚ್ಚಿನ ಕಾಲೇಜುಗಳ ಲೆಕ್ಕದಲ್ಲಿ ಬಿಟ್ಟುಹೋಗುವುದು ಇದೇ.

ವಿದ್ಯುತ್ತಿನ ಪಾಲು ಸಾಮಾನ್ಯವಾಗಿ ದೊಡ್ಡದು. ದೇಶದ ಜಾಲ ಇಂದಿಗೂ ಬಹುಮಟ್ಟಿಗೆ ಕಲ್ಲಿದ್ದಲನ್ನು ನೆಚ್ಚಿಕೊಂಡಿರುವುದರಿಂದ (ನಿಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರವಿದೆ) ಪ್ರತಿ ಯೂನಿಟ್ಟಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇದೆ. ತಿಂಗಳಿಗೆ 10,000 ಯೂನಿಟ್ ಬಳಸುವ ಕಾಲೇಜಿನ ವರ್ಷದ ಹೊರೆ ಇದೊಂದರಿಂದಲೇ 84 ಟನ್. ಬೆಳೆದ ಮರವೊಂದು ವರ್ಷಕ್ಕೆ ಸುಮಾರು 20 ಕೆ.ಜಿ. ಹೀರುತ್ತದೆಂಬ ಸಾಮಾನ್ಯ ಅಂದಾಜನ್ನು ಒಪ್ಪಿದರೆ, ನಿಮ್ಮ 500 ಸಸಿಗಳೂ ಉಳಿದು ಮರವಾದ ಮೇಲೆ ಸಿಗುವುದು 10 ಟನ್.

ಅದೇ 10 ಟನ್ನನ್ನು ಈ ವರ್ಷವೇ ಉಳಿಸಬಹುದು. 75 ವಾಟ್‌ನ 200 ಹಳೆಯ ಫ್ಯಾನುಗಳ ಬದಲಿಗೆ 30 ವಾಟ್‌ನ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿಸಿದರೆ, ದಿನಕ್ಕೆ 8 ಗಂಟೆಯಂತೆ 200 ದಿನಗಳಲ್ಲಿ 14,400 ಯೂನಿಟ್ ಉಳಿಯುತ್ತದೆ. ಆ ಬಳಿಕ ಚಾವಣಿಯ ಮೇಲೆ ಸೌರಫಲಕ ಹಾಕಿಸಿ. ನಿಮ್ಮ ಬಿಸಿಲಿನಲ್ಲಿ 50 ಕಿಲೋವಾಟ್‌ನ ಘಟಕ ವರ್ಷಕ್ಕೆ ಸುಮಾರು 70,000 ಯೂನಿಟ್ ಕೊಡಬಲ್ಲದು. ಬಳಕೆ ತಗ್ಗಿಸಿದ ಮೇಲೆ ಫಲಕ ಹಾಕಿಸುವುದೇ ಸರಿಯಾದ ಕ್ರಮ, ಏಕೆಂದರೆ ಆಗ ಚಿಕ್ಕ ಘಟಕವೇ ಸಾಕಾಗುತ್ತದೆ.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆಯಿಂದ ಬರುವ ವಿದ್ಯಾರ್ಥಿಗಳ ಪ್ರಯಾಣವನ್ನು ಬೇರೆ ಪಟ್ಟಿಯಲ್ಲಿಡಿ. ಎಷ್ಟು ಕಿಲೋಮೀಟರ್, ಬಸ್ಸೋ ಬೈಕೋ ಎಂಬುದನ್ನು ಪ್ರವೇಶದ ಅರ್ಜಿಯಲ್ಲೇ ಕೇಳಿದರೆ ಪ್ರತ್ಯೇಕ ಸಮೀಕ್ಷೆ ಬೇಕಾಗದು. ಒಟ್ಟು ಮೊತ್ತವನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿಡಿ. ಮುಂದಿನ ವರ್ಷ ಪ್ರವೇಶ ಹೆಚ್ಚಿದರೂ ಹೋಲಿಕೆ ಕೆಡುವುದಿಲ್ಲ.