ಸಂಕಲನದ ಮೇಜಿನಿಂದ ಬಂದ ನಿರ್ದೇಶಕ

ಪ್ರಶ್ನೆ: ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಕಾಣುವ ರಾಮನಗರದ ಬೆಟ್ಟದಲ್ಲಿ ಇಂಗ್ಲೆಂಡಿನ ನಿರ್ದೇಶಕ ಡೇವಿಡ್ ಲೀನ್ ಚಿತ್ರೀಕರಣ ನಡೆಸಿದ್ದರೆಂಬುದು ನಿಜವೇ? ಅವರ ವೃತ್ತಿಜೀವನದ ಬಗ್ಗೆ ತಿಳಿಸಿ.
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಜ. ಇ. ಎಂ. ಫಾರ್ಸ್ಟರ್ ಅವರ ಕಾದಂಬರಿಯನ್ನು ಆಧರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಕಥೆಯಲ್ಲಿ ಬರುವ ಮರಬಾರ್ ಗುಹೆಗಳ ದೃಶ್ಯಗಳಿಗೆ ರಾಮದೇವರ ಬೆಟ್ಟವನ್ನೂ ಮಾಗಡಿ ಬಳಿಯ ಸಾವನದುರ್ಗವನ್ನೂ ಬಳಸಿಕೊಳ್ಳಲಾಯಿತು. ‘ಶೋಲೆ’ಯ ಬೆಟ್ಟವೆಂದು ನಾವು ಬೀಗುವುದೂ ಇದೇ ರಾಮದೇವರ ಬೆಟ್ಟವನ್ನು.

ಲೀನ್ 1908ರಲ್ಲಿ ಕ್ರಾಯ್ಡನ್‌ನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮನೆತನದಲ್ಲಿ ಹುಟ್ಟಿದರು. 1927ರಲ್ಲಿ ಗೋಮಾಂಟ್ ಸ್ಟುಡಿಯೋದಲ್ಲಿ ಚಹಾ ತಂದುಕೊಡುವ ಹುಡುಗನಾಗಿ ಸೇರಿ, ವಾರ್ತಾಚಿತ್ರಗಳ ಸಂಕಲನದಲ್ಲಿ ಪಳಗಿ, 1942ರಲ್ಲಿ ನಾಟಕಕಾರ ನೋಯೆಲ್ ಕವರ್ಡ್ ಅವರೊಂದಿಗೆ ಜಂಟಿಯಾಗಿ ಚಿತ್ರವೊಂದನ್ನು ನಿರ್ದೇಶಿಸಿದರು. ಶ್ರೀಲಂಕಾದಲ್ಲಿ ಚಿತ್ರಿಸಿದ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಮತ್ತು ‘ಲಾರೆನ್ಸ್ ಆಫ್ ಅರೇಬಿಯಾ’ (1962) ಅವರಿಗೆ ಶ್ರೇಷ್ಠ ನಿರ್ದೇಶಕ ಆಸ್ಕರ್ ತಂದುಕೊಟ್ಟವು.

ದೊಡ್ಡ ಬಯಲು, ದೊಡ್ಡ ಜನಸಂದಣಿಗಳಿಗಾಗಿ ಅವರನ್ನು ಹೊಗಳುವುದು ವಾಡಿಕೆಯಾದರೂ, ಅವರ ನಿಜವಾದ ಬಲ ಕತ್ತರಿಯಲ್ಲಿತ್ತೆಂಬುದು ನನ್ನ ಅಭಿಪ್ರಾಯ. ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ನಾಯಕ ಲಾರೆನ್ಸ್ ಉರಿಯುವ ಬೆಂಕಿಕಡ್ಡಿಯನ್ನು ಊದಿ ಆರಿಸಿದೊಡನೆ, ನಡುವೆ ಯಾವ ಮಸುಕೂ ಇಲ್ಲದೆ, ತೆರೆಯ ತುಂಬ ಮರುಭೂಮಿಯ ಸೂರ್ಯೋದಯ ಬರುತ್ತದೆ. ಆ ಚಿತ್ರದ ಸಂಕಲನಕಾರರು ಆನ್ ಕೋಟ್ಸ್.

‘ರಯಾನ್ಸ್ ಡಾಟರ್’ (1970) ಚಿತ್ರವನ್ನು ವಿಮರ್ಶಕರು ಕಟುವಾಗಿ ಟೀಕಿಸಿದ ಮೇಲೆ ಹದಿನಾಲ್ಕು ವರ್ಷ ಅವರ ಕಥಾಚಿತ್ರ ಬರಲೇ ಇಲ್ಲ. ಮುಂದಿನದೇ ರಾಮನಗರದಲ್ಲಿ ಚಿತ್ರಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’, ಅವರ ಕೊನೆಯದೂ ಹೌದು. ಅದರ ಚಿತ್ರಕಥೆ, ಸಂಕಲನ ಎರಡನ್ನೂ ಅವರೇ ನಿರ್ವಹಿಸಿದರು. 1991ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.