ರಕ್ತ ಬರುತ್ತದೆಂದು ಬ್ರಷ್ ಬಿಟ್ಟ ಬಸುರಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಉಡುಪಿ ಸಮೀಪದ 26 ವರ್ಷದ ಚೊಚ್ಚಲ ಗರ್ಭಿಣಿ, 18 ವಾರ. ಮನೆಯಲ್ಲೇ ಬೀಡಿ ಕಟ್ಟುತ್ತಾರೆ. ಅತ್ತೆಯ ಜೊತೆ ತಪಾಸಣೆಗೆ ಬಂದಿದ್ದರು. ಹಲ್ಲಿನ ವಿಷಯ ತಾವಾಗಿ ಎತ್ತಲಿಲ್ಲ. ಊಟ ಹೇಗೆ ಎಂದು ಕೇಳಿದಾಗ "ಬಲಗಡೆ ಜಗಿಯಲಿಕ್ಕೆ ಆಗುವುದಿಲ್ಲ" ಎಂದರು.

ಬಲ ಕೆಳದವಡೆಯ ಹಲ್ಲು ಹುಳುಕಾಗಿತ್ತು, ವಸಡು ಕೆಂಪಾಗಿ ಊದಿತ್ತು. ಉಜ್ಜಿದರೆ ರಕ್ತ ಬರುತ್ತದೆಂದು ಮೂರು ವಾರದಿಂದ ಬೆರಳಿನಲ್ಲಿ ಉಪ್ಪು ತಿಕ್ಕುತ್ತಿದ್ದರು. ವಾಂತಿ ಇನ್ನೂ ನಿಂತಿಲ್ಲವೆಂದು ದಿನವಿಡೀ ಸಕ್ಕರೆ ಹಾಕಿದ ಪುನರ್ಪುಳಿ ಶರಬತ್ತು. ಪರ್ಸಿನಲ್ಲಿ ಅರ್ಧ ಖಾಲಿಯಾದ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯ ಪಟ್ಟಿ. ಅತ್ತೆ ಹೇಳಿದ್ದು: "ಒಂದು ಮಗುವಿಗೆ ಒಂದು ಹಲ್ಲು ಹೋಗುವುದೇ. ಹೆರಿಗೆಯಾಗಲಿ, ಮತ್ತೆ ನೋಡುವ."

ಮೊದಲು ಅತ್ತೆಗೇ ವಿವರಿಸಬೇಕಾಯಿತು. ಮಗು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವುದಿಲ್ಲ. ಬಸುರಿನಲ್ಲಿ ಹಾರ್ಮೋನು ಏರಿದಾಗ, ಹಲ್ಲಿನ ಬುಡಕ್ಕೆ ಅಂಟಿದ ಕೊಳೆಗೆ ವಸಡು ಎಂದಿಗಿಂತ ಹೆಚ್ಚು ಕೆರಳುತ್ತದೆ. ಬ್ರಷ್ ಬಿಟ್ಟರೆ ಕೊಳೆ ಹೆಚ್ಚಿ ರಕ್ತವೂ ಹೆಚ್ಚುತ್ತದೆ. ಉಪ್ಪು ತಿಕ್ಕಿದರೆ ಊದಿದ ವಸಡು ಇನ್ನಷ್ಟು ತರಚುತ್ತದೆ.

ಬ್ರಷ್ ಹಿಡಿಯುವುದನ್ನು ಬೇಸಿನ್ ಬಳಿಯೇ ಮಾಡಿಸಿ ನೋಡಲಾಯಿತು: ಮೃದು ಎಳೆಯ ಬ್ರಷ್, ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್, ಎಳೆಗಳು ವಸಡಿನ ಅಂಚಿಗೆ ಓರೆಯಾಗಿ ತಾಗಬೇಕು, ಸಣ್ಣ ಸಣ್ಣ ಸುತ್ತು, ಎರಡು ನಿಮಿಷ, ದಿನಕ್ಕೆರಡು ಸಲ. ಉಗುಳಿದ ನೊರೆ ಗುಲಾಬಿಯಾದದ್ದು ಕಂಡು ಆಕೆ ನಿಲ್ಲಿಸಿಬಿಟ್ಟರು. ನಿಲ್ಲಿಸುವ ಅಗತ್ಯವಿಲ್ಲ, ಎಂಟು ಹತ್ತು ದಿನ ಬಿಡದೆ ಉಜ್ಜಿದರೆ ಕಡಿಮೆಯಾಗುತ್ತ ಬರುತ್ತದೆ ಎಂದು ಧೈರ್ಯ ಹೇಳಿ ಪೂರ್ತಿ ಮಾಡಿಸಿದ್ದಾಯಿತು.

ವಾಂತಿಯಾದ ಕೂಡಲೇ ಮಾತ್ರ ಉಜ್ಜಬಾರದು. ಹುಳಿಗೆ ಮೆತ್ತಗಾದ ಹಲ್ಲಿನ ಮೇಲ್ಪದರ ಸವೆಯುತ್ತದೆ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಅಡುಗೆ ಸೋಡಾ ಕದಡಿ ಮುಕ್ಕಳಿಸಿ ಉಗುಳಿ, ಅರ್ಧ ಗಂಟೆ ಬಿಟ್ಟು ಬ್ರಷ್. ಶರಬತ್ತು ಊಟದ ಜೊತೆಗಷ್ಟೇ, ನಡುನಡುವೆ ಬರೀ ನೀರು ಅಥವಾ ಗಂಜಿ ತಿಳಿ.

ಐಬುಪ್ರೊಫೆನ್ ಅಂದೇ ನಿಲ್ಲಿಸಲು ಹೇಳಲಾಯಿತು. 20 ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಟ್ಟು ಗರ್ಭದ ನೀರು ಕಡಿಮೆಯಾಗಬಹುದು. ನೋವಿಗೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್.

ಹಲ್ಲು ತುಂಬಿಸಲು ಹೆರಿಗೆಯವರೆಗೆ ಕಾಯುವುದು ಬೇಡ, ನಾಲ್ಕು ಐದನೇ ತಿಂಗಳೇ ಅನುಕೂಲ. ದಂತವೈದ್ಯರಿಗೆ ತಾಯಿ ಕಾರ್ಡ್ ತೋರಿಸಬೇಕು. ಮರಗಟ್ಟಿಸುವ ಚುಚ್ಚುಮದ್ದಿಗೆ ಹೆದರಬೇಕಿಲ್ಲ. ಅಗತ್ಯವಿದ್ದರೆ ಸೀಸದ ಹೊದಿಕೆ ಹಾಕಿ ಎಕ್ಸ್‌ರೇ ಕೂಡ ತೆಗೆಯಬಹುದು. ಕುರ್ಚಿಯಲ್ಲಿ ತಲೆ ಸುತ್ತಿದರೆ ಎಡಕ್ಕೆ ಹೊರಳಬೇಕು. ಕೆನ್ನೆ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು ಕಷ್ಟವಾದರೆ ಅಂದೇ ಆಸ್ಪತ್ರೆಗೆ.

ಎರಡು ವಾರದ ನಂತರ ಬಂದಾಗ ಹಲ್ಲು ತುಂಬಿಸಿಕೊಂಡಿದ್ದರು, ಜೊತೆಗೆ ಹೋದದ್ದು ಅತ್ತೆಯೇ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯಲ್ಲಿ ಮಾತ್ರ ಇನ್ನೂ ರಕ್ತವಿತ್ತು. ಬ್ರಷ್ ಅಲ್ಲಿಗೆ ತಲುಪುತ್ತಿರಲಿಲ್ಲ. ನೆಟ್ಟಗೆ ಹಿಡಿದು ಬುಡದಿಂದ ತುದಿಗೆ ಎಳೆಯುವುದನ್ನು ಮತ್ತೊಮ್ಮೆ ತೋರಿಸಲಾಯಿತು.