ಅಪಾಯ ಎದುರಾದಾಗ ದೇವರ ಚಿತ್ತವೆಂದು ಸುಮ್ಮನಿರಬೇಕೇ?

ಅಪಾಯ ಬಂದಾಗ ಕ್ರೈಸ್ತ ವಿಶ್ವಾಸಿಯು ಅದನ್ನು ದೇವರ ಚಿತ್ತವೆಂದು ಒಪ್ಪಿ ಕೈಕಟ್ಟಿ ಕೂರಬೇಕೇ, ತಪ್ಪಿಸಿಕೊಳ್ಳಬಹುದೇ ಎಂಬುದು ಪ್ರಶ್ನೆ. ಧಾರಾಳವಾಗಿ ತಪ್ಪಿಸಿಕೊಳ್ಳಬಹುದು.

ಯೇಸುವಿನ ಸುವಾರ್ತೆ ಸಾರುತ್ತಿದ್ದ ಅಪೊಸ್ತಲ ಪೌಲನನ್ನೇ ನೋಡಿ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 21ನೇ ಅಧ್ಯಾಯದಲ್ಲಿ, ಕೈಸರೈಯದಲ್ಲಿ ಪ್ರವಾದಿ ಅಗಬನು ಪೌಲನ ನಡುಕಟ್ಟಿನಿಂದ ತನ್ನ ಕೈಕಾಲುಗಳನ್ನೇ ಕಟ್ಟಿಕೊಂಡು, ಇದರ ಯಜಮಾನನನ್ನು ಯೆರೂಸಲೇಮಿನಲ್ಲಿ ಹೀಗೆಯೇ ಕಟ್ಟುವರು ಎಂದ. ಜೊತೆಗಿದ್ದವರು ಅಳುತ್ತ, ಹೋಗಬೇಡವೆಂದು ಬೇಡಿಕೊಂಡರು. ತಾನು ಸಾಯುವುದಕ್ಕೂ ಸಿದ್ಧನೆಂದು ಪೌಲ ಹೇಳಿದ ಮೇಲೆ, ಕರ್ತನ ಚಿತ್ತದಂತೆ ಆಗಲಿ ಎಂದು ಸುಮ್ಮನಾದರು. ಆ ಮಾತು ಬಂದದ್ದು ವಾದ, ಕಣ್ಣೀರು ಎಲ್ಲ ಮುಗಿದ ಮೇಲೆ, ಗಮನಿಸಿ.

ಅದೇ ಪೌಲ 23ನೇ ಅಧ್ಯಾಯದಲ್ಲಿ ಏನು ಮಾಡಿದ? 40ಕ್ಕೂ ಹೆಚ್ಚು ಮಂದಿ ತನ್ನನ್ನು ಕೊಲ್ಲಲು ಶಪಥ ಮಾಡಿದ್ದಾರೆಂದು ಸೋದರಳಿಯನಿಂದ ತಿಳಿದ ಕೂಡಲೇ ಸುದ್ದಿಯನ್ನು, ಯೆರೂಸಲೇಮಿನಲ್ಲಿ ತನ್ನನ್ನು ಸೆರೆಯಲ್ಲಿಟ್ಟಿದ್ದ ರೋಮನ್ ಸೇನಾಧಿಕಾರಿಗೆ ಮುಟ್ಟಿಸಿದ. ನೀನು ರೋಮಿನಲ್ಲಿಯೂ ಸಾಕ್ಷಿ ಹೇಳಬೇಕು ಎಂದು ಕರ್ತನು ಧೈರ್ಯ ಹೇಳಿದ್ದು ಹಿಂದಿನ ರಾತ್ರಿಯಷ್ಟೇ! ವಾಗ್ದಾನ ಕೈಯಲ್ಲಿದ್ದರೂ ಎಚ್ಚರ ಬಿಡಲಿಲ್ಲ. ದಮಸ್ಕದಲ್ಲಂತೂ ಬುಟ್ಟಿಯಲ್ಲಿ ಕುಳಿತು ಗೋಡೆಯಿಂದ ಇಳಿದು ಪಾರಾಗಿದ್ದ.

ಹಾಗಾದರೆ ಒಪ್ಪಿಕೊಳ್ಳಬೇಕಾದದ್ದು ಏನನ್ನು? ನಮ್ಮ ಪ್ರಯತ್ನದ ಆಚೆಗಿನ ಫಲಿತಾಂಶವನ್ನು. ಬಂಧನಕ್ಕೆ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸು ಮೊದಲು ಬೇಡಿದ್ದು ಈ ಪಾತ್ರೆ, ಅಂದರೆ ಬರಲಿರುವ ಸಂಕಟ, ತೊಲಗಲಿ ಎಂದೇ. ನಿನ್ನ ಚಿತ್ತದಂತೆ ಆಗಲಿ ಎಂಬುದು ಅದರ ಬೆನ್ನಿಗೆ ಬಂತು. ಭಯವನ್ನು ಹೇಳಿಕೊಳ್ಳುವುದು ಅವಿಶ್ವಾಸವಲ್ಲ. ಪಾರಾಗಲು ಕ್ರಿಸ್ತನನ್ನೇ ಅಲ್ಲಗಳೆಯಬೇಕಾಗಿ ಬಂದರೆ ಮಾತ್ರ ಅಲ್ಲಿ ನಿಲ್ಲಬೇಕು.

ಇನ್ನೊಂದು ಮಾತು: ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ‘ದೇವರ ಚಿತ್ತ, ಸಹಿಸಿಕೊ’ ಎನ್ನುವ ಉಪದೇಶವನ್ನು ನಾನಂತೂ ಒಪ್ಪುವುದಿಲ್ಲ. ಅವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಲಿ, ಪ್ರಾರ್ಥನೆಯನ್ನು ಅಲ್ಲಿಂದಲೂ ಮಾಡಬಹುದು.